ಇಕ್ಕಳಕ್ಕೆ ಮುನ್ನ

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ ಎಂಬ ಮೂವರು ವಿಜ್ಞಾನಿಗಳು ಇಲಿಗಳ ದವಡೆ ಹಲ್ಲನ್ನು ಒಳಗಿನ ತಿರುಳು ಕಾಣುವವರೆಗೆ ಕೊರೆದರು. ಕೊರೆದ ತೂತಿಗೆ ಏನನ್ನೂ ತುಂಬಲಿಲ್ಲ, ಔಷಧಿ ಹಚ್ಚಲಿಲ್ಲ. ಇಲಿಗಳು ಎಂದಿನಂತೆ ತಿಂದವು. ಆಹಾರದ ಚೂರು, ಕೂದಲು ಎಲ್ಲವೂ ಆ ತೂತಿನೊಳಗೆ ಸೇರಿಕೊಂಡವು.

ಇಲಿಗಳಲ್ಲಿ ಎರಡು ಗುಂಪು. ಒಂದು ಗುಂಪಿನವು ಸಾಮಾನ್ಯ ಇಲಿಗಳು. ಇನ್ನೊಂದು ಗುಂಪು ಹುಟ್ಟಿನಿಂದಲೂ ಒಂದೇ ಒಂದು ಬ್ಯಾಕ್ಟೀರಿಯಾ ಸೋಕದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ ಬೆಳೆದದ್ದು. ಸಾಮಾನ್ಯ ಇಲಿಗಳ ಹಲ್ಲಿನ ತಿರುಳು ಕೆಲವೇ ದಿನಗಳಲ್ಲಿ ಕೊಳೆತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಆದದ್ದೇ ಬೇರೆ. ಅನ್ನ, ಕಸ ತುಂಬಿದ್ದ ಅದೇ ತೂತಿನ ತಳದಲ್ಲಿ ಎರಡು ವಾರದ ಹೊತ್ತಿಗೆ ಹೊಸ ಗಟ್ಟಿ ಪದರ ಕಟ್ಟತೊಡಗಿತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಹಲ್ಲು ತನ್ನ ಗಾಯದ ಮೇಲೆ ತಾನೇ ಸೇತುವೆ ಕಟ್ಟಿಕೊಂಡಿತ್ತು.

1965ರಲ್ಲಿ ಪ್ರಕಟವಾದ ಈ ಪ್ರಯೋಗ ದಂತವೈದ್ಯಕೀಯದ ಒಂದು ದೊಡ್ಡ ಗೊಂದಲವನ್ನು ಬಿಡಿಸಿತು. ಹಲ್ಲನ್ನು ಕೊಲ್ಲುವುದು ತೂತಲ್ಲ, ತೂತಿನೊಳಗೆ ಇಳಿಯುವ ಬ್ಯಾಕ್ಟೀರಿಯಾ. ಅವು ಬರದಂತೆ ಬಾಗಿಲು ಮುಚ್ಚಿದರೆ ಹಲ್ಲಿಗೆ ವಾಸಿಯಾಗುವ ಶಕ್ತಿ ಇದೆ. ಕೆಟ್ಟ ಹಲ್ಲನ್ನು ಉಳಿಸುವ ಇಂದಿನ ಬಹುಪಾಲು ವಿಧಾನಗಳ ಹಿಂದೆ ಇರುವುದು ಈ ಒಂದೇ ವಿಚಾರ.

ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ‘ಹುಳುಕು ಹಲ್ಲು’ ಎನ್ನುತ್ತಾರೆ. ಹಲ್ಲಿನೊಳಗೆ ಹುಳು ಹೊಕ್ಕು ಕೊರೆಯುತ್ತದೆ ಎಂಬ ಹಳೆಯ ನಂಬಿಕೆ ಆ ಪದದಲ್ಲೇ ಉಳಿದುಕೊಂಡಿದೆ. ಸುಶ್ರುತ ಸಂಹಿತೆಯಲ್ಲಿ ಈ ರೋಗದ ಹೆಸರು ಕ್ರಿಮಿದಂತಕ. ಬ್ಯಾಬಿಲೋನಿಯಾದಿಂದ ಯುರೋಪಿನವರೆಗೆ ಅನೇಕ ನಾಡುಗಳು ಇದನ್ನೇ ನಂಬಿದ್ದವು. ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯಕೀಯದ ಬೃಹತ್ ಗ್ರಂಥದಲ್ಲಿ ಈ ಹುಳುವಿನ ಕಥೆಯನ್ನು ತಳ್ಳಿಹಾಕಿದ. ನಿಜವಾದ ಅಪರಾಧಿಯ ಸುಳಿವು ಕೊಟ್ಟವನು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ದಂತವೈದ್ಯ ವಿಲೋಬಿ ಮಿಲ್ಲರ್. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ಅವನು 1890ರಲ್ಲಿ ಬರೆದ. ಆ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯುಟನ್ಸ್ ಅನ್ನು ಇಂಗ್ಲೆಂಡಿನ ಕ್ಲಾರ್ಕ್ 1924ರಲ್ಲಿ ಗುರುತಿಸಿದ.

ಹಲ್ಲಿನ ಹೊರಗವಚ ಎನಾಮೆಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ. ಆದರೂ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ಅದರ ಒಳಗೆ ಡೆಂಟಿನ್ ಎಂಬ ಪದರವಿದೆ. ಇದು ಸಾವಿರಾರು ಸೂಕ್ಷ್ಮ ಕೊಳವೆಗಳ ಕಟ್ಟು, ಹೀಗಾಗಿ ಹುಳುಕು ಇಲ್ಲಿಗೆ ಬಂದ ಮೇಲೆ ವೇಗವಾಗಿ ಹರಡುತ್ತದೆ, ತಣ್ಣೀರು ಸೋಕಿದರೆ ಹಲ್ಲು ಜುಮ್ಮೆನ್ನುತ್ತದೆ. ನಡುವೆ ಇರುವುದು ತಿರುಳು: ರಕ್ತನಾಳ, ನರ, ಮತ್ತು ಬದುಕಿರುವಷ್ಟು ಕಾಲವೂ ಹೊಸ ಡೆಂಟಿನ್ ಕಟ್ಟಬಲ್ಲ ಜೀವಕೋಶಗಳು. ಬೆಥೆಸ್ಡಾದ ಇಲಿಗಳಲ್ಲಿ ಸೇತುವೆ ಕಟ್ಟಿದ್ದು ಈ ತಿರುಳಿನ ಜೀವಕೋಶಗಳೇ.

ಹಾಗಾಗಿ ಹುಳುಕು ಹಲ್ಲಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಕೀಳಬೇಕೇ ಬೇಡವೇ’ ಎಂಬುದಲ್ಲ. ‘ಹುಳುಕು ಎಲ್ಲಿಯವರೆಗೆ ಇಳಿದಿದೆ, ತಿರುಳು ಬದುಕಿದೆಯೇ’ ಎಂಬುದು. ಇದರ ಅರ್ಧ ಉತ್ತರವನ್ನು ನೋವೇ ಹೇಳುತ್ತದೆ. ತಣ್ಣೀರು ಕುಡಿದಾಗ ಜುಮ್ಮೆಂದು ಕ್ಷಣದಲ್ಲೇ ಬಿಟ್ಟರೆ ತಿರುಳು ಕೆರಳಿದೆ, ಆದರೆ ಸುಧಾರಿಸಿಕೊಳ್ಳಬಲ್ಲದು. ಬಿಸಿ ಕಾಫಿಗೆ ಎದ್ದ ನೋವು ಎಷ್ಟು ಹೊತ್ತಾದರೂ ಇಳಿಯದಿದ್ದರೆ, ರಾತ್ರಿ ಮಲಗಿದಾಗ ತಾನಾಗಿ ಎದ್ದು ನಿದ್ದೆ ಕೆಡಿಸಿದರೆ, ತಿರುಳಿನ ಉರಿಯೂತ ಆಳಕ್ಕೆ ಹೋಗಿದೆ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಥಟ್ಟನೆ ನಿಂತರೆ ಮನೆಯವರು ‘ವಾಸಿಯಾಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ನಿಜದಲ್ಲಿ ಬಹಳ ಸಲ ತಿರುಳು ಸತ್ತಿರುತ್ತದೆ, ಕೀವು ಮೂಳೆಯ ಕಡೆಗೆ ಹೊರಟಿರುತ್ತದೆ.

ಇನ್ನು ಆಳವಾದ ಹುಳುಕನ್ನು ಎಷ್ಟು ಕೆರೆಯಬೇಕು ಎಂಬ ವಾದ. ಇದಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ.

1859ರಲ್ಲಿ ಲಂಡನ್ನಿನ ಜಾನ್ ಟೋಮ್ಸ್, ತಿರುಳಿನ ಮೇಲೆ ಬಣ್ಣಗೆಟ್ಟ ಡೆಂಟಿನ್ನಿನ ತೆಳು ಪದರ ಉಳಿದರೂ ಪರವಾಗಿಲ್ಲ, ಅದನ್ನು ಕೆರೆಯಲು ಹೋಗಿ ಹಲ್ಲನ್ನೇ ಕಳೆದುಕೊಳ್ಳಬಾರದು ಎಂದು ಬರೆದ. ಅರ್ಧ ಶತಮಾನದ ನಂತರ, 1908ರಲ್ಲಿ, ಆಧುನಿಕ ದಂತವೈದ್ಯಕೀಯದ ಪಿತಾಮಹರಲ್ಲಿ ಒಬ್ಬನಾದ ಅಮೆರಿಕದ ಜಿ. ವಿ. ಬ್ಲ್ಯಾಕ್ ಇದಕ್ಕೆ ತದ್ವಿರುದ್ಧ ನಿಂತ. ತಿರುಳು ಬಯಲಾದರೂ ಚಿಂತೆಯಿಲ್ಲ, ಮೆತ್ತಗಾದ ಡೆಂಟಿನ್ ಒಂದಿಷ್ಟೂ ಉಳಿಯಕೂಡದು ಎಂಬುದು ಅವನ ನಿಲುವು. ಬ್ಲ್ಯಾಕ್ ಗೆದ್ದ. ಹಲವು ತಲೆಮಾರುಗಳ ದಂತವೈದ್ಯರು ಗಟ್ಟಿ ತಳ ಸಿಗುವವರೆಗೂ ಕೆರೆಯುವುದನ್ನೇ ಕಲಿತರು. ಹಾಗೆ ಕೆರೆದಾಗ ಎಷ್ಟೋ ಹಲ್ಲುಗಳಲ್ಲಿ ತಿರುಳು ತೆರೆದುಕೊಂಡಿತು, ಅವು ರೂಟ್ ಕೆನಾಲಿಗೋ ಇಕ್ಕಳಕ್ಕೋ ಹೋದವು.

ಟೋಮ್ಸ್ ಹೇಳಿದ್ದು ಸರಿ ಎಂದು ತೋರಿಸಿದವರಲ್ಲಿ ಕೋಪನ್‌ಹೇಗನ್‌ನ ಲಾರ್ಸ್ ಬ್ಯೋರ್ನ್‌ಡಾಲ್ ಪ್ರಮುಖರು. ಅವರು ಆಳದ ಮೆತ್ತನೆ ಪದರವನ್ನು ಉಳಿಸಿ, ಮೇಲೆ ಬಿಗಿಯಾಗಿ ಮುಚ್ಚಿ, ಕೆಲವು ತಿಂಗಳ ಬಳಿಕ ಮತ್ತೆ ತೆರೆದು ನೋಡಿದರು. ಒದ್ದೆಯಾಗಿ ಮೆತ್ತಗಿದ್ದ ಡೆಂಟಿನ್ ಒಣಗಿ, ಕಪ್ಪಾಗಿ, ಗಟ್ಟಿಯಾಗಿತ್ತು. ಬ್ಯಾಕ್ಟೀರಿಯಾ ಗಣನೀಯವಾಗಿ ಇಳಿದಿತ್ತು. ಹೊರಗಿನಿಂದ ಸಕ್ಕರೆ ಬರುವ ದಾರಿ ಮುಚ್ಚಿದ್ದರಿಂದ ಅವು ಉಪವಾಸ ಬಿದ್ದಿದ್ದವು. 2010ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಸಲ ಪೂರ್ತಿ ಕೆರೆದಾಗ ನೂರರಲ್ಲಿ ಸುಮಾರು 29 ಹಲ್ಲುಗಳ ತಿರುಳು ಬಯಲಾಯಿತು. ಎರಡು ಹಂತಗಳಲ್ಲಿ ಕೆರೆದಾಗ 18ಕ್ಕಿಂತ ಕಡಿಮೆ. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಮ್ಮತಕ್ಕೆ ಬಂದರು: ಹುಳುಕಿನ ಅಂಚನ್ನು ಗಟ್ಟಿ ಸಿಗುವವರೆಗೆ ಸ್ವಚ್ಛ ಮಾಡಿ, ತಿರುಳಿನ ಮೇಲಿನ ತಳದಲ್ಲಿ ಮೆತ್ತನೆ ಪದರ ಉಳಿಯಲಿ, ಮೇಲಿನ ಮುಚ್ಚಳ ಮಾತ್ರ ಬಿಗಿಯಾಗಿರಲಿ.

ಹುಳುಕು ತಿರುಳನ್ನೇ ಮುಟ್ಟಿದರೆ? ಒಂದು ಕಾಲದಲ್ಲಿ ಇಲ್ಲಿಗೆ ಪೂರ್ತಿ ತಿರುಳು ತೆಗೆಯುವುದೊಂದೇ ದಾರಿ ಎಂದಾಗಿತ್ತು. ಸ್ವೀಡನ್ನಿನ ಮಿಯೊಮಿರ್ ಸ್ವೆಕ್ 1978ರಲ್ಲಿ ಬೇರೆ ದಾರಿ ತೋರಿಸಿದರು. ಪೆಟ್ಟು ಬಿದ್ದು ತುಂಡಾದ ಹಲ್ಲುಗಳಲ್ಲಿ ತಿರುಳಿನ ಮೇಲ್ಭಾಗದ ಒಂದೆರಡು ಮಿಲಿಮೀಟರನ್ನಷ್ಟೇ ತೆಗೆದು, ಉಳಿದದ್ದನ್ನು ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದ ಮುಚ್ಚಿದರು. ಬಹುಪಾಲು ಹಲ್ಲುಗಳು ಬದುಕಿದವು. 1993ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಅವರ ತಂಡ ಇನ್ನೂ ಒಳ್ಳೆಯ ಮುಚ್ಚಳವನ್ನು ಕಂಡುಹಿಡಿಯಿತು. ಅದರ ಹೆಸರು ಎಂಟಿಎ. ಅದರ ಮೂಲ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟ್! ಒದ್ದೆ ಜಾಗದಲ್ಲೂ ಗಟ್ಟಿಯಾಗುವುದು, ಸೋರದಿರುವುದು, ತಿರುಳನ್ನು ಹೊಸ ಪದರ ಕಟ್ಟಲು ಪ್ರಚೋದಿಸುವುದು ಇದರ ಗುಣಗಳು. ಈಗ ವೈದ್ಯರು ಕೊಳೆತ ತಿರುಳನ್ನು ಕತ್ತರಿಸಿ, ಉಳಿದ ಭಾಗದ ರಕ್ತಸ್ರಾವ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ನಿಂತರೆ ಆ ತಿರುಳು ಆರೋಗ್ಯವಾಗಿದೆ ಎಂದು ತಿಳಿದು ಸಿಮೆಂಟ್ ಹಾಕಿ ಮುಚ್ಚುತ್ತಾರೆ. ಮೊದಲು ಮಕ್ಕಳ ಹಲ್ಲಿಗಷ್ಟೇ ಎನ್ನುತ್ತಿದ್ದ ಈ ಚಿಕಿತ್ಸೆಯನ್ನು ವಯಸ್ಕರಿಗೂ ಮಾಡಬಹುದೆಂದು ಯುರೋಪಿನ ಮತ್ತು ಅಮೆರಿಕದ ತಜ್ಞ ಸಂಘಗಳು 2019 ಮತ್ತು 2021ರಲ್ಲಿ ಹೇಳಿವೆ.

ತಿರುಳು ಸತ್ತ ಹಲ್ಲಿಗೆ ರೂಟ್ ಕೆನಾಲ್. ಈ ಹೆಸರು ಕೇಳಿದರೆ ಜನ ಹೆದರುವುದು ಹಳೆಯ ಕಾಲದ ನೆನಪಿನಿಂದ. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ತೇದು ಬೇರಿನ ನಾಳ ಸ್ವಚ್ಛಗೊಳಿಸುವ ಸೂಜಿ ಮಾಡಿಕೊಂಡಿದ್ದ. ಆಗ ಮರಗಟ್ಟಿಸುವ ಇಂಜೆಕ್ಷನ್ ಇರಲಿಲ್ಲ. ಇಂದು ದಂತವೈದ್ಯರು ಬಳಸುವ ಲಿಡೋಕೇನ್ ಔಷಧವನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ರೂಪಿಸಿದ್ದು 1943ರಲ್ಲಿ. ಬಾಗಿದ ಬೇರಿನೊಳಗೂ ಬಳುಕುತ್ತ ಇಳಿಯುವ ನಿಕ್ಕಲ್–ಟೈಟಾನಿಯಂ ಸೂಜಿಗಳ ಪ್ರಯೋಗ ವರದಿಯಾದದ್ದು 1988ರಲ್ಲಿ. ನಾಳಗಳನ್ನು ತೇದು, ಸೋಡಿಯಂ ಹೈಪೊಕ್ಲೋರೈಟಿನಿಂದ ತೊಳೆದು, ಕೊನೆಗೆ ಗಟ್ಟಾಪರ್ಚಾ ತುಂಬುತ್ತಾರೆ. ಇದು ಮಲಯಾ ಕಡೆಯ ಮರವೊಂದರ ಹಾಲಿನಿಂದ ಬರುವ ಅಂಟು. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ನೀರು ತಾಗದಂತೆ ಸುತ್ತಲು ಬಳಸಿದ್ದೂ ಇದನ್ನೇ. ಅಲ್ಲೂ ಇಲ್ಲೂ ಕೆಲಸ ಒಂದೇ: ಏನೂ ಒಳಗೆ ನುಸುಳದಂತೆ ಮುಚ್ಚುವುದು.

ಫಲಿತಾಂಶ ಹೇಗಿದೆ? ಅಮೆರಿಕದ ವಿಮಾ ದಾಖಲೆಗಳಿಂದ ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳ ಲೆಕ್ಕ ತೆಗೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಎಂಟು ವರ್ಷಗಳ ನಂತರವೂ ನೂರರಲ್ಲಿ 97 ಹಲ್ಲುಗಳು ಬಾಯಲ್ಲೇ ಇದ್ದವು. ಕಿತ್ತ ಹಲ್ಲುಗಳಲ್ಲಿ ನೂರಕ್ಕೆ 85 ಭಾಗಕ್ಕೆ ಪೂರ್ತಿ ಕ್ಯಾಪ್ ಹಾಕಿಸಿರಲಿಲ್ಲ ಎಂಬುದೂ ಅದರಲ್ಲೇ ಹೊರಬಂದ ಸಂಗತಿ. ನೋವು ಹೋಯಿತಲ್ಲ ಎಂದು ಕ್ಯಾಪ್ ಹಾಕಿಸುವುದನ್ನು ಮುಂದೂಡುವವರು ಇಲ್ಲೂ ಬಹಳ. ಹುಳುಕಿನಿಂದಲೂ ಕೊರೆತದಿಂದಲೂ ಟೊಳ್ಳಾದ ದವಡೆ ಹಲ್ಲು ಚಕ್ಕುಲಿಯೋ ಕಬ್ಬೋ ಕಚ್ಚಿದಾಗ ಸೀಳಿಹೋಗುತ್ತದೆ. ಸೀಳು ಬೇರಿನವರೆಗೆ ಇಳಿದರೆ ಮತ್ತೆ ಉಳಿಸುವುದು ಕಷ್ಟ.

ಹಲ್ಲು ಒಸಡಿನ ಮಟ್ಟಕ್ಕೆ ಮುರಿದು ಬೇರು ಮಾತ್ರ ಉಳಿದಾಗಲೂ ಆಯ್ಕೆಗಳಿವೆ. ಬೇರಿನೊಳಗೆ ಕಂಬ ನಿಲ್ಲಿಸಿ ಮೇಲೆ ಹೊಸ ತಲೆ ಕಟ್ಟಬಹುದು. ಒಸಡನ್ನೂ ಮೂಳೆಯನ್ನೂ ಸ್ವಲ್ಪ ಕೆಳಗಿಳಿಸಿ ಬೇರಿನ ಗಟ್ಟಿ ಭಾಗವನ್ನು ಹೊರತೋರಿಸಬಹುದು. ಹಲ್ಲು ಸರಿಪಡಿಸುವ ತಂತಿಯಿಂದ ಬೇರನ್ನು ನಿಧಾನವಾಗಿ ಮೇಲಕ್ಕೆ ಎಳೆಯಬಹುದು. ರೂಟ್ ಕೆನಾಲ್ ವಿಫಲವಾದರೆ ಮತ್ತೊಮ್ಮೆ ಮಾಡಬಹುದು, ಅಥವಾ ಒಸಡು ತೆರೆದು ಬೇರಿನ ತುದಿಯನ್ನು ಕತ್ತರಿಸಿ ಮುಚ್ಚಬಹುದು. ಕೊನೆಯ ಪ್ರಯತ್ನವಾಗಿ ಹಲ್ಲನ್ನು ಹುಷಾರಾಗಿ ಕಿತ್ತು, ಕೈಯಲ್ಲೇ ಹಿಡಿದು ಬೇರು ಸರಿಮಾಡಿ, ಕೆಲವೇ ನಿಮಿಷಗಳಲ್ಲಿ ಅದೇ ಗುಳಿಗೆ ಮರಳಿ ಕೂರಿಸುವ ಪದ್ಧತಿಯೂ ಇದೆ.

ಮಕ್ಕಳ ವಿಷಯಕ್ಕೆ ಬಂದರೆ ಇದೇ ವಿಚಾರ ಇನ್ನೂ ಸರಳ ರೂಪ ಪಡೆಯುತ್ತದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಮಕ್ಕಳ ಹುಳುಕು ಹಾಲು ಹಲ್ಲಿಗೆ ಇಂಜೆಕ್ಷನ್ ಕೊಡದೆ, ಕೊರೆಯದೆ, ಹುಳುಕನ್ನು ಕೆರೆಯದೆ, ಸಿದ್ಧ ಸ್ಟೀಲ್ ಟೋಪಿಯೊಳಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುತ್ತಿದ್ದರು. ಕೇಳಿದವರಿಗೆ ಇದು ಅಪರಾಧವೆಂದೇ ತೋರಿತು. ಡಂಡೀ ವಿಶ್ವವಿದ್ಯಾಲಯದ ನಿಕೋಲಾ ಇನ್ಸ್, ಡಫೀದ್ ಇವಾನ್ಸ್ ಮತ್ತಿತರರು ಅವರ ದಾಖಲೆಗಳನ್ನು ಪರಿಶೀಲಿಸಿ, ಬಳಿಕ 132 ಮಕ್ಕಳಲ್ಲಿ ಹೋಲಿಕೆಯ ಪ್ರಯೋಗ ಮಾಡಿದರು. ಒಂದೇ ಮಗುವಿನ ಒಂದು ಹಲ್ಲಿಗೆ ಟೋಪಿ, ಇನ್ನೊಂದಕ್ಕೆ ಮಾಮೂಲಿ ಫಿಲ್ಲಿಂಗ್. ಐದು ವರ್ಷಗಳ ಲೆಕ್ಕದಲ್ಲಿ, ನೋವು ಅಥವಾ ಕೀವಿಗೆ ತಿರುಗಿದ್ದು ಟೋಪಿ ಹಾಕಿದ ಹಲ್ಲುಗಳಲ್ಲಿ ಶೇ. 3, ಫಿಲ್ಲಿಂಗ್ ಮಾಡಿದವುಗಳಲ್ಲಿ ಶೇ. 16.5. ಬೆಥೆಸ್ಡಾದ ಇಲಿಗಳು ಕಲಿಸಿದ ಪಾಠವೇ ಡಂಡೀಯ ಮಕ್ಕಳ ಬಾಯಲ್ಲಿ ಸಾಬೀತಾಯಿತು.

‘ಹಾಲು ಹಲ್ಲು ತಾನೇ, ಹೇಗೂ ಬೀಳುತ್ತದೆ, ಕಿತ್ತುಬಿಡಿ’ ಎನ್ನುವ ತಂದೆ ತಾಯಿ ಇದನ್ನು ತಿಳಿಯಬೇಕು. ಹಾಲು ದವಡೆ ಹಲ್ಲು ಹತ್ತು–ಹನ್ನೆರಡು ವರ್ಷದವರೆಗೂ ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುತ್ತದೆ. ಮೊದಲೇ ಕಿತ್ತರೆ ಪಕ್ಕದ ಹಲ್ಲುಗಳು ಸರಿದು, ಹೊಸ ಹಲ್ಲು ಸೊಟ್ಟಗೆ ಹುಟ್ಟುವ ಸಂಭವ ಹೆಚ್ಚು.

ವಿದ್ಯುತ್ತೂ ಯಂತ್ರವೂ ಇಲ್ಲದ ಊರಿನಲ್ಲಿ? ನೆದರ್ಲೆಂಡ್ಸ್‌ನ ಯೋ ಫ್ರೆಂಕೆನ್ 1980ರ ದಶಕದ ನಡುವೆ ತಾಂಜಾನಿಯಾದಲ್ಲಿ ಕೈ ಉಪಕರಣಗಳಿಂದಲೇ ಮೆತ್ತನೆ ಹುಳುಕನ್ನು ಕೆರೆದು ಗಟ್ಟಿ ಅಂಟಿನಿಂದ ಮುಚ್ಚುವ ವಿಧಾನ ಬೆಳೆಸಿದರು. ಮುಂದೆ ಈ ವಿಧಾನದ ಮುಖ್ಯ ತುಂಬುವಸ್ತುವಾದದ್ದು ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಗ್ಲಾಸ್ ಅಯೊನೊಮರ್. ಅದು ಹಲ್ಲಿಗೆ ರಾಸಾಯನಿಕವಾಗಿಯೇ ಅಂಟುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರ ವಿಶ್ವ ಆರೋಗ್ಯ ದಿನದಂದು ಈ ವಿಧಾನವನ್ನು ಬೆಂಬಲಿಸಿತು. ಜಪಾನಿನಲ್ಲಿ 1970ರ ಸುಮಾರಿಗೆ ಬಳಕೆಗೆ ಬಂದ ಸಿಲ್ವರ್ ಡೈಅಮೀನ್ ಫ್ಲೋರೈಡ್ ಇನ್ನೂ ಸುಲಭ: ಹುಳುಕಿನ ಮೇಲೆ ಒಂದು ಹನಿ ಹಚ್ಚಿದರೆ ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಭಾಗವನ್ನು ಗಟ್ಟಿ ಮಾಡುತ್ತದೆ. ಆ ಜಾಗ ಕಪ್ಪಾಗುತ್ತದೆ ಎಂಬುದೊಂದೇ ದೊಡ್ಡ ತೊಡಕು. ತಿರುಳು ಮುಟ್ಟದ ಹುಳುಕಿಗೆ ಮಾತ್ರ ಇದು ಸಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಲಾಸ್ ಅಯೊನೊಮರ್, ಸಿಲ್ವರ್ ಡೈಅಮೀನ್ ಫ್ಲೋರೈಡ್ ಎರಡನ್ನೂ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ದಾರಿಗಳಿದ್ದೂ ‘ಕಿತ್ತುಬಿಡುವುದೇ ವಾಸಿ’ ಎಂಬ ಮಾತಿಗೆ ಇಷ್ಟು ಬಲ ಹೇಗೆ ಬಂತು? ಅದಕ್ಕೊಂದು ಕರಾಳ ಅಧ್ಯಾಯವಿದೆ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ರಿಪೇರಿ ಮಾಡಿದ ಕೆಟ್ಟ ಹಲ್ಲುಗಳೇ ದೇಹದ ಹಲವು ರೋಗಗಳ ಮೂಲ ಎಂದು ಗುಡುಗಿದ. ಮುಂದಿನ ದಶಕಗಳಲ್ಲಿ ಸಂಧಿವಾತದಿಂದ ಹಿಡಿದು ಅನೇಕ ಕಾಯಿಲೆಗಳಿಗೆ ಪರಿಹಾರವೆಂದು ಲೆಕ್ಕವಿಲ್ಲದಷ್ಟು ಹಲ್ಲುಗಳನ್ನು ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಮಾನಸಿಕ ರೋಗಿಗಳ ಹಲ್ಲುಗಳನ್ನೇ ಕೀಳಿಸಿದ. ಯಾರ ಮನಸ್ಸಿನ ಕಾಯಿಲೆಯೂ ಅದರಿಂದ ವಾಸಿಯಾಗಲಿಲ್ಲ. ಸರಿಯಾದ ಹೋಲಿಕೆಯ ಅಧ್ಯಯನಗಳು ಬಂದ ಮೇಲೆ ಆ ವಾದ ಕುಸಿಯಿತು. ಆದರೆ ರೂಟ್ ಕೆನಾಲ್ ಆದ ಹಲ್ಲು ವಿಷ ಎಂಬ ಹೆದರಿಕೆ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ.

ಕರ್ನಾಟಕದ ಊರುಗಳಲ್ಲಿ ಇದಕ್ಕೆ ಎದುರಾದ ಹೆದರಿಕೆಯೊಂದಿದೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ಅಂಥ ನಂಟಿಲ್ಲ. ಈ ಭಯದಿಂದ ಜನ ವೈದ್ಯರ ಬಳಿಗೇ ಹೋಗದೆ, ಲವಂಗದ ಎಣ್ಣೆಯನ್ನೂ ಮೆಡಿಕಲ್ ಶಾಪಿನ ಮಾತ್ರೆಗಳನ್ನೂ ನಂಬಿ ತಿಂಗಳುಗಟ್ಟಲೆ ತಳ್ಳುತ್ತಾರೆ. ಲವಂಗದ ಯೂಜೆನಾಲ್ ನೋವನ್ನು ನಿಜಕ್ಕೂ ಮರೆಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ. ಸತ್ತ ತಿರುಳಿಗೆ ರಕ್ತ ಹರಿಯದ ಕಾರಣ ನುಂಗಿದ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದೂ ಇಲ್ಲ.

ತಡಮಾಡುವುದು ಅಪಾಯ. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಬಾಲಕನೊಬ್ಬ ಹಲ್ಲಿನ ಸೋಂಕು ಮಿದುಳಿಗೆ ಹರಡಿ ತೀರಿಕೊಂಡ. ಆ ಒಂದು ಹಲ್ಲನ್ನು ಕೀಳಲು ಸುಮಾರು 80 ಡಾಲರ್ ಸಾಕಿತ್ತು. ಉಳಿಸಲಾಗದ ಹಲ್ಲುಗಳೂ ಇವೆ: ಬೇರು ಉದ್ದಕ್ಕೆ ಸೀಳಿದ ಹಲ್ಲು, ಮೂಳೆಯ ಆಸರೆ ಪೂರ್ತಿ ಕಳೆದುಕೊಂಡು ಅಲುಗುವ ಹಲ್ಲು, ಕ್ಯಾಪಿಗೆ ಹಿಡಿತವೇ ಸಿಗದಷ್ಟು ಆಳಕ್ಕೆ ಕೊಳೆತ ಹಲ್ಲು. ಇಂಥವನ್ನು ಕೀಳಲೇಬೇಕು. ಉಳಿಸುವ ಖರ್ಚು ಕೈಗೆಟುಕದಾಗ ಸೋಂಕನ್ನು ಬಿಡುವುದಕ್ಕಿಂತ ಕೀಳಿಸುವುದೇ ಸರಿ.

ಆದರೆ ಕಿತ್ತ ಮೇಲೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಹಲ್ಲಿಲ್ಲದ ಜಾಗದ ದವಡೆ ಮೂಳೆ ಮೊದಲ ವರ್ಷದಲ್ಲೇ ಅಗಲದಲ್ಲಿ ಸುಮಾರು ಅರ್ಧದಷ್ಟು ಕರಗುತ್ತದೆ. ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಖಾಲಿ ಜಾಗದತ್ತ ಇಳಿಯುತ್ತದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದ ಕ್ಷಣ ದವಡೆ ಥಟ್ಟನೆ ನಿಲ್ಲುವುದಕ್ಕೆ ಕಾರಣ ಬೇರನ್ನು ಮೂಳೆಗೆ ಬಿಗಿದಿರುವ ನಾರುಗಳು, ಅವುಗಳೊಳಗಿನ ನರತುದಿಗಳು. ರೂಟ್ ಕೆನಾಲ್ ಆದ ಹಲ್ಲಿಗೂ ಈ ನಾರುಗಳಿರುತ್ತವೆ. ಎಷ್ಟೇ ಒಳ್ಳೆಯ ಇಂಪ್ಲಾಂಟಿಗೂ ಇರುವುದಿಲ್ಲ.

ಸತ್ತ ತಿರುಳನ್ನೇ ಮತ್ತೆ ಬೆಳೆಸುವ ಕೆಲಸವೂ ನಡೆದಿದೆ. ಬೇರು ಇನ್ನೂ ಬೆಳೆಯುತ್ತಿರುವ ಎಳೆಯರ ಹಲ್ಲಿನಲ್ಲಿ ಸೋಂಕು ತೊಳೆದು ಮುಚ್ಚಿದರೆ ಬೇರು ಬೆಳೆಯುವುದನ್ನು ಮುಂದುವರಿಸಬಲ್ಲದು ಎಂದು ಜಪಾನಿನಿಂದ 2001ರಲ್ಲಿ ವರದಿಯಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ತಂಡ 2017ರಲ್ಲಿ ಔಷಧಿಯಲ್ಲಿ ನೆನೆಸಿದ ಕೊಲ್ಲಾಜೆನ್ ಸ್ಪಂಜನ್ನು ಇಲಿಯ ಹಲ್ಲಿನಲ್ಲಿಟ್ಟು ಡೆಂಟಿನ್ ಬೆಳೆಸಿತು. ಇಲಿಯಿಂದ ಮನುಷ್ಯರಿಗೆ ಬರಲು ಇನ್ನೂ ದೂರವಿದೆ.

ಕರ್ನಾಟಕದಲ್ಲಿ ನಲವತ್ತರ ಆಸುಪಾಸು ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ಕಾಲೇಜು 1958ರಿಂದಲೂ ಇದೆ. ಇಂಥ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮೇಲ್ವಿಚಾರಕರ ಕಣ್ಣೆದುರು ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಬಹಳ ಕಡಿಮೆ. ರಾಜ್ಯ ಸರ್ಕಾರ ‘ದಂತ ಭಾಗ್ಯ’ದ ಹೆಸರಿನಲ್ಲಿ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡುವ ಯೋಜನೆ ತಂದಿತು. ಅಷ್ಟೇ ಕಾಳಜಿ ಹಲ್ಲು ಬಾಯಲ್ಲಿರುವಾಗಲೂ ಬೇಕು: ಶಾಲೆಗಳಲ್ಲಿ ಸ್ಟೀಲ್ ಟೋಪಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗ್ಲಾಸ್ ಅಯೊನೊಮರ್ ಮತ್ತು ಬೆಳ್ಳಿ ಹನಿ ಸಿಗುವಂತಾಗಬೇಕು.

ಓದುಗರು ತಮ್ಮ ಪಾಲಿಗೆ ಮಾಡಬಹುದಾದದ್ದು ಇದು. ಮುಂದಿನ ಸಲ ‘ಈ ಹಲ್ಲು ಕೀಳಬೇಕು’ ಎಂಬ ಮಾತು ಕೇಳಿದಾಗ ಎಕ್ಸ್‌ರೇ ತೋರಿಸಲು ಹೇಳಿ, ನಾಲ್ಕು ಪ್ರಶ್ನೆ ಕೇಳಿ. ತಿರುಳು ಬದುಕಿದೆಯೇ? ಬೇರು ಸೀಳಿದೆಯೇ? ಕ್ಯಾಪ್ ಹಿಡಿದು ನಿಲ್ಲುವಷ್ಟು ಗಟ್ಟಿ ಹಲ್ಲು ಒಸಡಿನ ಮೇಲೆ ಉಳಿದಿದೆಯೇ? ಉಳಿಸಿದರೆ ಎಷ್ಟು ಖರ್ಚು, ಕಿತ್ತು ಬೇರೆ ಹಲ್ಲು ಕಟ್ಟಿಸಿದರೆ ಎಷ್ಟು? ಸಂದೇಹವಿದ್ದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ. ಹಲ್ಲು ಜುಮ್ಮೆಂದ ವಾರದಲ್ಲೇ ಕೇಳಿದರೆ ಆಯ್ಕೆಗಳು ಹಲವು, ಕೀವು ಕಟ್ಟಿದ ಮೇಲೆ ಒಂದೆರಡು ಮಾತ್ರ.